ಹುಳವೇ ಇಲ್ಲದ ಬಳ್ಳಿ

"ಕೈ ತೆಗೀರಿ! ಕೈ ತೆಗೀರಿ ಅಂತಿದ್ದೀನಲ್ಲ!"

ಅವಳು ತಿರುಗಿ ನೋಡುವಷ್ಟರಲ್ಲಿ ಯಾರೋ ಅವಳ ಮೊಣಕೈ ಹಿಡಿದು ಎಳೆದೇಬಿಟ್ಟರು. ಗೊಬ್ಬರದ ರಾಶಿಯೊಳಗೆ ಮಣಿಕಟ್ಟಿನವರೆಗೆ ಮುಳುಗಿದ್ದ ಬಲಗೈ ಹೊರಬಂತು. ಅದರ ಹಿಂದೆಯೇ ಹಬೆಯೂ ಎದ್ದು ಬಂತು.

ಕೈ ಕೆಂಪಗೆ ಬೆಂದಂತಾಗಿತ್ತು.

"ಸುಡ್ಲಿಲ್ವಾ ನಿಮಗೆ?" ಎಂದು ಕೇಳಿದ ಅವನು. ಕಾಲಿಗೆ ರಬ್ಬರ್ ಬೂಟು, ತಲೆಗೂದಲಲ್ಲಿ ಹುಲ್ಲಿನ ಕಡ್ಡಿ.

ಅವಳು ತನ್ನ ಕೈಯನ್ನೇ ನೋಡಿದಳು. ಅದು ಯಾರದ್ದೋ ಕೈ ಎನ್ನುವ ಹಾಗೆ.

"ಇಲ್ಲ," ಎಂದಳು.

ಅವನು ಅವಳ ಮೊಣಕೈ ಬಿಡಲಿಲ್ಲ. ಪಕ್ಕದಲ್ಲಿದ್ದ ಬಕೆಟ್ ಎಳೆದು ಅವಳ ಕೈಯನ್ನು ಅದರೊಳಗೆ ಅದ್ದಿದ. "ಕುದುರೆ ಕುಡಿಯೋ ನೀರು. ಬೇಜಾರು ಮಾಡ್ಕೋಬೇಡಿ, ಕುದುರೆನೂ ಮಾಡ್ಕೊಳ್ಳಲ್ಲ."

ಪ್ರೇಮಕಥೆ ಎಂದ ಮೇಲೆ ಹೂವಿನ ತೋಟದಲ್ಲೇ ಶುರುವಾಗಬೇಕೆಂದು ಯಾರು ಹೇಳಿದ್ದಾರೆ? ಈ ಕಥೆ ಕುದುರೆ ಲಾಯದ ಹಿತ್ತಲಲ್ಲಿ, ಲದ್ದಿ ರಾಶಿಯ ಪಕ್ಕ ಶುರುವಾಯಿತು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ, ಮುಂದೆ ಇನ್ನೂ ಇದೆ.

ಊರಂಚಿನಲ್ಲಿ ಸವಾರಿ ಕಲಿಸುವ ಒಂದು ಶಾಲೆಯಿತ್ತು. ಅದರ ಲಾಯ ನೋಡಿಕೊಳ್ಳುವವನೇ ಅವನು. ಗೇಟಿಗೆ 'ಲದ್ದಿ ಗೊಬ್ಬರ ಬೇಕಾದವರು ಒಯ್ಯಬಹುದು' ಎಂದು ಹಲಗೆ ತೂಗುಹಾಕಿದ್ದವನೂ ಅವನೇ. ಅವಳು ಖಾಲಿ ಚೀಲ ಹಿಡಿದು ಬಂದಿದ್ದಳು, ಯಾರನ್ನೂ ಕೇಳದೆ ಸಿಕ್ಕಿದ ರಾಶಿಗೆ ಬರಿಗೈ ಹಾಕಿದ್ದಳು.

"ಈ ರಾಶಿ ಇನ್ನೂ ಎಳೇದು. ಒಳಗೆ ಬೇಯ್ತಾ ಇದೆ," ಅವನು ಶುರುಮಾಡಿದ. "ಇದನ್ನ ಹಾಕಿದ್ರೆ ಬೇರು ಸುಟ್ಟುಹೋಗುತ್ತೆ. ಹಸಿಯಾಗಿ ತಿನ್ನೋ ಸೊಪ್ಪಿಗೆ ಹಾಕಿದ್ರೆ ತಿಂದವರ ಹೊಟ್ಟೆ ಕೆಡುತ್ತೆ. ಬಿಸಿ ಬರಬೇಕು, ಮಗುಚಬೇಕು, ಮತ್ತೆ ಬಿಸಿ ಬರಬೇಕು. ಕೊನೆಗೆ ತಣ್ಣಗಾಗಿ ಮಣ್ಣಿನ ವಾಸನೆ ಬಂದ್ರೆ ಅದು ಗೊಬ್ಬರ. ಅಲ್ಲೀವರೆಗೆ ಬರೀ ಲದ್ದಿ."

"ಆಯ್ತು," ಎಂದಳು ಅವಳು.

"ಹಳೇ ರಾಶಿದು ನಾನೇ ತಂದುಕೊಡ್ತೀನಿ. ಮನೆ ಎಲ್ಲಿ?"

"ಗಡಿಯಾರ ರಿಪೇರಿಯವರ ಮನೆ. ಹಲ್ಲಿನ ಕ್ಲಿನಿಕ್ ಹಿಂದಿನ ಬೀದಿ."

ಅವಳು ಹೊರಟು ಹೋದಳು. ಕೈ ಉರಿಯುತ್ತಿದೆ ಎಂದು ಒಂದು ಮಾತೂ ಹೇಳಲಿಲ್ಲ. ಹೇಳಬಾರದೆಂದಲ್ಲ... ಉರಿಯುತ್ತಿದೆ ಎಂಬುದು ಅವಳಿಗೆ ತಿಳಿದದ್ದೇ ಮರುದಿನ, ಬೊಬ್ಬೆ ಎದ್ದಾಗ.

*

ಅವಳು ಆ ಹಲ್ಲಿನ ಕ್ಲಿನಿಕ್‌ನಲ್ಲಿ ಡಾಕ್ಟರಿಗೆ ಸಹಾಯಕಿ. ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯ ಕೆನ್ನೆ ತಟ್ಟಿ "ಗೊತ್ತಾಗುತ್ತಾ?" ಎಂದು ಕೇಳುವುದು ಅವಳ ಕೆಲಸ. "ಇಲ್ಲ ಸಿಸ್ಟರ್" ಎಂದರೆ ಡಾಕ್ಟರು ಕೆಲಸ ಶುರುಮಾಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವಳ ಅಮ್ಮ ತೀರಿಕೊಂಡಿದ್ದಳು. ಅವತ್ತಿನಿಂದ ಅವಳಿಗೆ ಯಾರಿಗೂ ಕಾಣದ ಒಂದು ಇಂಜೆಕ್ಷನ್ ಕೊಟ್ಟ ಹಾಗಾಗಿತ್ತು. ಅಳು ಬರಲಿಲ್ಲ. ಅನ್ನಕ್ಕೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ತಿಳಿಯುತ್ತಿರಲಿಲ್ಲ. ನೆಂಟರಲ್ಲಿ ಅರ್ಧ ಜನ "ಗಟ್ಟಿಗಿತ್ತಿ" ಎಂದರು, ಉಳಿದರ್ಧ ಜನ "ಕಲ್ಲು ಮನಸ್ಸು" ಎಂದರು. ಎರಡೂ ಅವಳ ಕಿವಿಗೆ ಬಿದ್ದವು. ಯಾವುದೂ ನೋಯಲಿಲ್ಲ.

ಆದರೆ ಒಂದು ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಮಲಗಿದಲ್ಲಿಂದಲೇ ಅಮ್ಮ ಹೇಳಿದ್ದು.

"ನನ್ನ ಬೀನ್ಸ್ ಬೀಜ ಪೆಪ್ಪರ್‌ಮಿಂಟ್ ಡಬ್ಬಿಲಿದೆ. ಈಗಾಗಲೇ ಹಳೇದಾಗಿದೆ. ಈ ಸಲ ಬಿತ್ತದಿದ್ರೆ ಮತ್ತೆ ಮೊಳೆಯಲ್ಲ, ಮರೀಬೇಡ."

ಬಿಳಿ ಬೀಜ, ಕಣ್ಣಿನ ಹತ್ತಿರ ಒಂದೇ ಒಂದು ನೇರಳೆ ಚುಕ್ಕೆ. ಅಂಗಡಿಯಲ್ಲಿ ಸಿಗದ ಜಾತಿ. ಹಾಸಿಗೆ ಹಿಡಿಯುವವರೆಗೂ ಅಮ್ಮ ವರ್ಷ ವರ್ಷವೂ ಬಿತ್ತಿ, ಒಣಗಿಸಿ, ಎತ್ತಿಟ್ಟು ಉಳಿಸಿಕೊಂಡು ಬಂದದ್ದು. ಈ ಸಲ ಬಳ್ಳಿ ಕಾಯಿ ಬಿಡದಿದ್ದರೆ ಅಮ್ಮನ ಬೀನ್ಸ್ ಅಲ್ಲಿಗೆ ಮುಗಿಯಿತು. ಅದಕ್ಕೇ ಅವಳು ಗೊಬ್ಬರ ಹುಡುಕಿಕೊಂಡು ಹೋಗಿದ್ದಳು.

ಅವನು ಹೇಳಿದ ಹಾಗೇ ಬಂದ. ಅವನ ತಳ್ಳುಗಾಡಿಯ ಚಕ್ರ ಬೀದಿಯ ತಿರುವಿನಿಂದಲೇ ಕಿರ್ರ್... ಎನ್ನುತ್ತಿತ್ತು. ಜಗುಲಿಯಲ್ಲಿ ಕೂತು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ ಅಪ್ಪ ಭೂತಗನ್ನಡಿ ತೆಗೆಯದೆಯೇ ಹೇಳಿದರು.

"ಬಂದ್ರು ನೋಡು ಲದ್ದಿ ಸಾಹೇಬ್ರು."

ಆ ಹೆಸರು ಅವನಿಗೆ ಅಂಟಿಯೇಬಿಟ್ಟಿತು. ಅವನಿಗೂ ಬೇಸರವಿರಲಿಲ್ಲ. ಸಾಹೇಬನಾಗುವುದು ಸುಮ್ಮನೆಯೇ ಎಂದು ನಕ್ಕ.

ಹಿತ್ತಲಲ್ಲಿ ಗೊಬ್ಬರವನ್ನು ಮಣ್ಣಿಗೆ ಬೆರೆಸುತ್ತ ಅವನು ಬಾಯಿ ಮುಚ್ಚಲೇ ಇಲ್ಲ. ತನ್ನ ರಾಶಿಯ ಬಗ್ಗೆ ಅವನಿಗೆ ಅಷ್ಟು ಜಂಬ. "ಮೂಸಿ ನೋಡಿ. ವಾಸನೆ ಇದೆಯಾ? ನನ್ನ ಗೊಬ್ಬರಕ್ಕೆ ಹೆಸರಿಡೋರು ಯಾರೂ ಇಲ್ಲ." ಜೇಬಿನಿಂದ ದಪ್ಪ ಕೈಗವಸು ತೆಗೆದು ಅವಳ ಮುಂದಿಟ್ಟ. "ಇನ್ಮೇಲೆ ಇದು ಹಾಕ್ಕೊಳ್ಳಿ. ನಿಮಗೆ ನೋವು ಗೊತ್ತಾಗಲ್ಲ ಅಂತ ಕೈಗೂ ಗೊತ್ತಾಗಲ್ಲ ಅನ್ಕೋಬೇಡಿ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅಷ್ಟು ದಿನದಲ್ಲಿ ಅವಳನ್ನು ಯಾರೂ ಹಾಗೆ ಗದರಿರಲಿಲ್ಲ.

ಡಬ್ಬಿಯಲ್ಲಿದ್ದ ಬೀಜದಲ್ಲಿ ಒಂದು ಹಿಡಿ ಉಳಿಸಿ ಮಿಕ್ಕದ್ದನ್ನೆಲ್ಲ ಅವತ್ತೇ ಬಿತ್ತಿದಳು. ಉಳಿದ ಹಿಡಿ ಆಪತ್ಕಾಲಕ್ಕೆ ಇರಲಿ ಎಂದು ಡಬ್ಬಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು.

ಅವನು ಆಗಾಗ ಬರತೊಡಗಿದ. ಒಮ್ಮೊಮ್ಮೆ ಗಾಡಿಯಲ್ಲಿ ಗೊಬ್ಬರವಿರುತ್ತಿತ್ತು, ಒಮ್ಮೊಮ್ಮೆ ಖಾಲಿ ಗಾಡಿಯನ್ನೇ ತಳ್ಳಿಕೊಂಡು ಬರುತ್ತಿದ್ದ. ಖಾಲಿ ಗಾಡಿ ಏಕೆ ತಂದೆ ಎಂದು ಯಾರೂ ಕೇಳಲಿಲ್ಲ.

ಸಂಜೆ ಬೆಳಕು ಮಾಸುವ ಹೊತ್ತಿಗೆ ಇಬ್ಬರೂ ಬಸವನಹುಳು ಹೆಕ್ಕುತ್ತಿದ್ದರು. ಅವನು ಪಾತಿಯ ಅಂಚಿನಲ್ಲಿ ಒದ್ದೆ ಹಲಗೆ ಇಡಲು ಹೇಳಿಕೊಟ್ಟಿದ್ದ. ಬೆಳಿಗ್ಗೆ ಹಲಗೆ ಎತ್ತಿದರೆ ಅಡಿಯಲ್ಲಿ ಇಡೀ ಸಂಸಾರ ಸಿಗುತ್ತಿತ್ತು.

ಪಕ್ಕದ ಸೊಪ್ಪಿನ ಗಿಡಕ್ಕೆ ಸಸ್ಯಹೇನು ಹತ್ತಿದಾಗ ಅವನೇ ಹೇಳಿದ. "ಸೋಪಿನ ನೀರು ಸಾಕು. ಬಿಸಿಲಿಳಿದ ಮೇಲೆ ಎಲೆ ಅಡಿಗೆ ಹೊಡೀರಿ. ಮೊದಲು ಒಂದೇ ಎಲೆಗೆ ಹೊಡೆದು ನೋಡಿ." ಆಮೇಲೆ ಕೆಂಪು ಬೆನ್ನಿನ ಪುಟ್ಟ ಗುಲಗಂಜಿ ಹುಳವೊಂದನ್ನು ಬೆರಳ ತುದಿಗೆ ಹತ್ತಿಸಿಕೊಂಡು ತೋರಿಸಿದ. "ಇವನು ನಮ್ಮ ಪಾರ್ಟಿ. ಹೇನು ತಿನ್ನೋದೇ ಇವನ ಡ್ಯೂಟಿ. ಕಂಡ ಕಂಡ ಔಷಧಿ ಹೊಡೆದ್ರೆ ಮೊದಲು ಸಾಯೋದು ಇವನೇ."

ಹುಳ ಅವನ ಬೆರಳಿಂದ ಅವಳ ಬೆರಳಿಗೆ ದಾಟಿತು. ಕಚಗುಳಿಯಾದ ಹಾಗೆ... ಆಗಿರಬಹುದು ಎಂದುಕೊಂಡಳು.

"ಕ್ಲಿನಿಕ್‌ನಲ್ಲಿ ಎಲ್ಲರೂ ನಿಮ್ಮನ್ನ ಸಿಸ್ಟರ್ ಅಂತಾರಂತೆ?"

"ಹೂಂ."

"ನಾನು ಅನ್ನಲ್ಲ."

"ಮತ್ತೇನಂತೀರಿ?"

"ಸದ್ಯಕ್ಕೆ 'ರೀ' ಸಾಕು," ಎಂದು ಅವನು ಗಾಡಿ ತಿರುಗಿಸಿಕೊಂಡ. ಅವನ ಕಿವಿ ಕೆಂಪಾದದ್ದು ಅಪ್ಪನ ಭೂತಗನ್ನಡಿಗೂ ಕಂಡಿತು.

ಅವಳು ಮರುದಿನ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ನಲ್ಲಿ ನಿಲ್ಲಿಸಿ ನಿಂತಳು. ಬೀದಿಯ ತಿರುವಿನಲ್ಲಿ ಚಕ್ರದ ಸದ್ದು ಬರುತ್ತದೆಯೇ ಎಂದು ಕಿವಿ ಕೊಟ್ಟಿದ್ದಳು. 'ನಾನ್ಯಾಕೆ ಕಾಯ್ತಿದ್ದೀನಿ?' ಎಂದು ತನ್ನನ್ನೇ ಕೇಳಿಕೊಂಡು ಮತ್ತೆ ನಲ್ಲಿ ತಿರುಗಿಸಿದಳು.

*

ಬಳ್ಳಿ ಕೋಲು ಹಿಡಿದು ಏರತೊಡಗಿದ ಮೇಲೆ ಎಲೆಗಳು ಸುರುಟಿಕೊಂಡವು.

ಮೊದಲು ತುದಿಯ ಎಲೆ ಬಟ್ಟಲಿನಂತೆ ಒಳಕ್ಕೆ ಮಡಿಚಿಕೊಂಡಿತು. ಆಮೇಲೆ ಕಾಂಡ ತಿರುಚಿಕೊಂಡಿತು. ಹೊಸ ಚಿಗುರು ಮುಷ್ಟಿ ಬಿಗಿದ ಮಗುವಿನ ಕೈಯಂತೆ ಬಿಚ್ಚಿಕೊಳ್ಳಲೇ ಇಲ್ಲ.

ಅವಳು ಹುಳ ಹುಡುಕಿದಳು. ಬೆಳಿಗ್ಗೆ ಕ್ಲಿನಿಕ್‌ಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಒಂದೊಂದೇ ಎಲೆ ಮಗುಚಿ ನೋಡಿದಳು. ಹೇನಿಲ್ಲ, ನುಸಿಯಿಲ್ಲ, ಮೊಟ್ಟೆಯಿಲ್ಲ. ಅಪ್ಪನ ಭೂತಗನ್ನಡಿ ತಂದು ನೋಡಿದರೂ ಇಲ್ಲ. ಸೋಪಿನ ನೀರು ಹೊಡೆದಳು, ಬೂದಿ ಎರಚಿದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಪಕ್ಕದ ಮನೆಯ ಸೋದರತ್ತೆ ಬೇಲಿಯ ಮೇಲಿಂದ ಒಂದು ಬಾಟಲಿ ಚಾಚಿದಳು. "ಲೇ ಹುಡುಗಿ, ಇದನ್ನ ಹೊಡಿ. ಹುಳ ಅಲ್ಲ, ಹುಳದ ವಂಶವೇ ಹೋಗುತ್ತೆ."

"ಹುಳವೇ ಇಲ್ವಲ್ಲ ಅತ್ತೆ."

"ಕಾಣಲ್ಲ ಅಂದ್ರೆ ಇಲ್ಲ ಅಂತಾನಾ? ನಿಮ್ಮ ಮಾವನ ಸಿಟ್ಟು ನೋಡು, ಮದುವೆಗೆ ಮುಂಚೆ ಕಂಡಿತ್ತಾ?"

ಅವಳು ಬಾಟಲಿ ಹಿಡಿದುಕೊಂಡೇ ನಿಂತಿದ್ದಾಗ ಅವನು ಬಂದ. ಬಾಟಲಿಯನ್ನು ನೋಡಿ, "ಬೇಡ, ಹೊಡೀಬೇಡಿ," ಎಂದ. ಆಮೇಲೆ ಬಳ್ಳಿಯನ್ನು ನೋಡಿದ. ಒಂದು ಎಲೆಯನ್ನು ಬೆರಳಲ್ಲಿ ಬಿಚ್ಚಲು ನೋಡಿದ. ಅದು ಮತ್ತೆ ಸುರುಟಿಕೊಂಡಿತು. ಬುಡದ ಗೊಬ್ಬರವನ್ನು ಹಿಡಿಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡುತ್ತ ಕೂತ.

"ಏನಾಗಿದೆ ಇದಕ್ಕೆ?" ಅವಳು ಕೇಳಿದಳು.

ಸದಾ ವಟಗುಟ್ಟುವ ಆ ಮನುಷ್ಯ ಹಿಡಿಯಲ್ಲಿದ್ದ ಗೊಬ್ಬರವನ್ನು ಬುಡಕ್ಕೇ ಉದುರಿಸಿದ. "ನಾನು... ಆಮೇಲೆ ಹೇಳ್ತೀನಿ," ಎಂದು ಎದ್ದು ಹೋದ. ಗಾಡಿ ತಿರುಗಿಸುವಾಗ ಅವಳ ಕಡೆ ನೋಡಲೂ ಇಲ್ಲ.

ಮತ್ತೆ ಅವನು ಬರಲಿಲ್ಲ.

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಬಳ್ಳಿ ಹೂವು ಬಿಡಲಿಲ್ಲ. ಒಂದು ದಿನ ಬೀದಿಯ ತಿರುವಿನಲ್ಲಿ ಕಿರ್ರ್... ಎಂದ ಹಾಗಾಯಿತು. ಅವಳು ಕೈಯಲ್ಲಿದ್ದ ತಟ್ಟೆ ಇಟ್ಟು ನಿಂತಳು. ಸದ್ದು ಗೇಟಿನ ಹತ್ತಿರದವರೆಗೆ ಬಂದು, ನಿಂತು, ವಾಪಸು ಹೋಯಿತು. ಭ್ರಮೆ ಇರಬೇಕು ಎಂದುಕೊಂಡಳು. ತಟ್ಟೆ ತೊಳೆದು ಬೋರಲು ಹಾಕಿದಳು.

ಕೊನೆಗೆ ಉಳಿಸಿಟ್ಟ ಹಿಡಿ ಬೀಜ ನೆನಪಾಗಿ ಡಬ್ಬಿ ತೆಗೆದಳು. ಡಬ್ಬಿ ಖಾಲಿ!

"ಅಪ್ಪ, ಇದರಲ್ಲಿದ್ದ ಬೀಜ ಎಲ್ಲಿ?"

ಅಪ್ಪ ಭೂತಗನ್ನಡಿ ತೆಗೆದರು. ಆ ಕಣ್ಣಿಗೆ ಗಡಿಯಾರದ ಹಲ್ಲು ಕಾಣುತ್ತಿತ್ತು, ಹೆಂಡತಿಯ ಬೀಜ ಕಂಡಿರಲಿಲ್ಲ. "ಬೀಜಾನಾ? ಅಡುಗೆ ಕಾಳು ಅಲ್ವಾ ಅದು? ಆ ಸಾಹೇಬ ದುಡ್ಡು ಬೇಡ ಅಂದ. ಸುಮ್ನೆ ಕಳಿಸೋದು ಹೇಗೆ ಅಂತ ಒಂದು ಪೊಟ್ಟಣ ಕಟ್ಟಿ ಕೊಟ್ಟೆ. ಬೇಯಿಸ್ಕೊಂಡು ತಿನ್ನಪ್ಪ ಅಂದೆ..."

ಹೇಳುತ್ತ ಹೇಳುತ್ತ ಅಪ್ಪನಿಗೆ ಅರ್ಥವಾಯಿತು. ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಬಿತ್ತು.

"ಅದು ನಿಮ್ಮಮ್ಮನದಾ ಪುಟ್ಟಾ?"

"ಪರವಾಗಿಲ್ಲಪ್ಪ."

"ಪರವಾಗಿಲ್ಲ ಅನ್ಬೇಡ. ಬೈದುಬಿಡು."

"ಪರವಾಗಿಲ್ಲ," ಎಂದು ಅವಳು ಮತ್ತೆ ಹೇಳಿದಳು. ನಿಜಕ್ಕೂ ಏನೂ ಅನ್ನಿಸಲಿಲ್ಲ. ಅಪ್ಪ ಅಳುತ್ತಿದ್ದರು, ಅವಳು ಅವರಿಗೆ ನೀರು ತಂದುಕೊಟ್ಟಳು. ಅವನು ತಿಂದ. ತಿಂದು, ಸಾಕಾಗಿ, ದಾರಿ ಬದಲಿಸಿದ. ಅಷ್ಟೇ ಕಥೆ ಎಂದುಕೊಂಡಳು.

*

ರಜಾದಿನ ಬೆಳಿಗ್ಗೆ ಅವಳು ಲಾಯಕ್ಕೆ ಹೋದಳು. ಬೇರೇನಕ್ಕೂ ಅಲ್ಲ, ಅವನ ಕೈಗವಸು ಹಿಂತಿರುಗಿಸಲು. ಯಾರ ವಸ್ತುವೂ ಮನೆಯಲ್ಲಿ ಇರುವುದು ಬೇಡ ಎನ್ನಿಸಿತ್ತು.

ಗೇಟಿನ ಹಲಗೆ ಕಾಣಲಿಲ್ಲ. ಹಳೆಯ ರಾಶಿಯ ಮೇಲೆ ಟಾರ್ಪಾಲು ಹೊದಿಸಿತ್ತು. ಹುಲ್ಲು ಪೇರಿಸಿಡುವ ಕೋಣೆಯ ಹಿಂದೆ ಬಿಸಿಲು ಬೀಳುವ ಗೋಡೆಗೆ ಒತ್ತಿ ಡಬ್ಬಗಳ ಎರಡು ಸಾಲು. ಅವನು ಮಂಡಿಯೂರಿ ಅದಕ್ಕೆ ನೀರು ಹನಿಸುತ್ತಿದ್ದ.

ಮೊದಲ ಸಾಲಿನಲ್ಲಿ ಸುರುಟಿದ ಎಲೆಗಳು. ಅವಳ ಹಿತ್ತಲಲ್ಲಿದ್ದ ಹಾಗೆಯೇ.

ಎರಡನೆಯ ಸಾಲಿನಲ್ಲಿ ನೆಟ್ಟಗೆ, ಅಗಲವಾಗಿ, ಹಸಿರಾಗಿ ಬೀನ್ಸ್ ಸಸಿಗಳು. ತಡವಾಗಿ ಎದ್ದ ಒಂದು ಸಸಿ ಇನ್ನೂ ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಟೋಪಿಯಂತೆ ಹೊತ್ತು ನಿಂತಿತ್ತು. ಬಿಳಿ ಸಿಪ್ಪೆ, ಒಂದೇ ಒಂದು ನೇರಳೆ ಚುಕ್ಕೆ.

ಅವಳ ಕೈಯಿಂದ ಕೈಗವಸು ಜಾರಿತು.

ಅವನು ತಿರುಗಿ ನೋಡಿ ಎದ್ದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ. "ಹುಳ ಅಲ್ಲ," ಎಂದ. "ನನ್ನ ಗೊಬ್ಬರ."

"ಏನು?"

"ಈ ವರ್ಷ ಹುಲ್ಲು ಹೊಸ ಕಡೆಯಿಂದ ತರಿಸಿದ್ವಿ. ಆ ಬಯಲಿಗೆ ಕಳೆ ಸಾಯೋ ಔಷಧಿ ಹೊಡೆದಿದ್ರಂತೆ. ಹುಲ್ಲಿಗೆ ಏನೂ ಆಗಲ್ಲ, ಅದನ್ನ ತಿಂದ ಕುದುರೆಗೂ ಏನೂ ಆಗಲ್ಲ. ಆದ್ರೆ ಔಷಧಿ ಹಾಗೇ ಲದ್ದಿಗೆ ಬರುತ್ತೆ. ಲದ್ದಿ ಕಳಿತರೂ ಅದು ಬೇಗ ಕಳಿಯಲ್ಲ. ನಾನು ಬಿಸಿ ನೋಡಿದೆ, ವಾಸನೆ ನೋಡಿದೆ, ಗೊಬ್ಬರ ಅಂದ್ರೆ ನನ್ನದು ಅಂತ ಮೆರೆದೆ. ಬೀನ್ಸ್ ಬಿತ್ತಿ ಪರೀಕ್ಷೆ ಮಾಡೋಣ ಅಂತ ತೋಚಲೇ ಇಲ್ಲ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು."

ಅವನು ಡಬ್ಬಗಳನ್ನು ತೋರಿಸಿದ. "ನಿಮ್ಮ ಬಳ್ಳಿ ನೋಡಿದಾಗ ಅನುಮಾನ ಬಂತು. ಖಚಿತ ಮಾಡ್ಕೊಳ್ಳದೆ ಹೇಗೆ ಹೇಳಲಿ? ಈ ಸಾಲಿಗೆ ನನ್ನ ಗೊಬ್ಬರ ಬೆರೆಸಿದೆ, ಆ ಸಾಲಿಗೆ ಬರೀ ಮಣ್ಣು. ಸುರುಟಿದ್ದು ಯಾವುದು ಅಂತ ನೀವೇ ನೋಡಿ. ಗೊಬ್ಬರ ಒಯ್ದಿದ್ದ ಎಲ್ಲರ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ನಿಮ್ಮ ಗೇಟಿನವರೆಗೂ ಬಂದೆ... ಕಾಲೇ ಮುಂದೆ ಬರಲಿಲ್ಲ."

ಹಾಗಾದರೆ ಆ ಸದ್ದು ಭ್ರಮೆಯಲ್ಲ.

"ಈ ಬೀಜ..." ಅವಳು ಬಿಳಿ ಸಿಪ್ಪೆಯತ್ತ ಬೆರಳು ತೋರಿಸಿದಳು. "ಇದನ್ನ ಬೇಯಿಸ್ಕೊಂಡು ತಿನ್ನೋಕೆ ಕೊಟ್ಟಿದ್ರಲ್ಲ ಅಪ್ಪ?"

"ಕೊಟ್ರು. ಇಷ್ಟು ಚೆಂದದ ಕಾಳು ಕುದಿಯೋ ನೀರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ನಿಮ್ಮ ಮನೆದು ಅಂತ ಎತ್ತಿಟ್ಟಿದ್ದೆ. ಯಾಕೆ, ಏನಾಯ್ತು?"

ಅವಳು ಆ ಸಸಿಯ ಮುಂದೆ ಕೂತಳು. ಸಿಪ್ಪೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಅದು ಕಳಚಿ ಅಂಗೈಗೆ ಬಿತ್ತು.

"ನಮ್ಮಮ್ಮನದು. ಇಷ್ಟೇ ಉಳಿದಿರೋದು."

ಅಷ್ಟು ಹೇಳುವಷ್ಟರಲ್ಲಿ ಚಳಿಗಾಲದಿಂದ ಕಟ್ಟಿಕೊಂಡಿದ್ದದ್ದು ಒಡೆಯಿತು. ಚೆಂದದ ಅಳುವಲ್ಲ ಅದು. ಮೂಗು ಸೋರಿತು, ಬಿಕ್ಕಳಿಕೆ ಬಂತು, ಲಾಯದ ಕುದುರೆಗಳು ಕಿವಿ ನಿಮಿರಿಸಿದವು. ಅವನು ಪಕ್ಕದಲ್ಲಿ ಕೂತ.

ಅಳುವಿನ ನಡುವೆಯೇ ಸಿಟ್ಟೂ ಬಂತು. "ಬಂದು ಹೇಳೋಕೆ ಏನಾಗಿತ್ತು ನಿಮಗೆ? ದಿನಾ ಒಂದೊಂದೇ ಎಲೆ ಮಗುಚಿ ಮಗುಚಿ ಹುಳ ಹುಡುಕ್ತಿದ್ದೆ ನಾನು! ಇಲ್ಲದ ಹುಳಾನ! ದಿನಾ ನಿಮ್ಮ ಹಾಳು ಚಕ್ರದ ಸದ್ದಿಗೆ ಕಾಯ್ತಿದ್ದೆ!"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಅವನಿಗೂ ತಿಳಿಯಿತು.

"ಹೆದರಿದ್ದೆ," ಎಂದ ಅವನು ಮೆಲ್ಲಗೆ. "ಬೇರೆಯವರು ಬೈದ್ರೆ ಬೈಸ್ಕೋತೀನಿ. ನೀವು 'ಪರವಾಗಿಲ್ಲ' ಅಂದುಬಿಟ್ರೆ ಏನು ಮಾಡೋದು? ನಿಮ್ಮನ್ನ ಇಷ್ಟಪಟ್ಟಿದ್ದೀನಿ. ನಿಮಗೆ ಏನೂ ಅನ್ನಿಸದೇ ಹೋದ್ರೆ... ಅದೊಂದು ತಡ್ಕೊಳ್ಳೋಕಾಗ್ತಿರಲಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆ ಸಾಲಿನ ಡಬ್ಬ ಎಲ್ಲ ಗಾಡಿಗೆ ಹಾಕಿ," ಎಂದಳು. "ಮನೆಗೆ ನಡೀರಿ."

*

ಸುರುಟಿದ ಬಳ್ಳಿಗಳನ್ನು ಅವನೇ ಕಿತ್ತ. ಅವುಗಳನ್ನು ಕೊಳೆಹಾಕಿ ಮತ್ತೆ ಗೊಬ್ಬರ ಮಾಡಬಾರದೆಂದು ಬೇರೆಯೇ ಸಾಗಿಸಿದ. ಆ ಪಾತಿಗೆ ಜೋಳ ಹಾಕಿಸಿದ, ಜೋಳಕ್ಕೆ ಆ ಔಷಧಿ ಏನೂ ಮಾಡುವುದಿಲ್ಲ ಎಂದು. ಅಮ್ಮನ ಸಸಿಗಳು ಬೇಲಿಯ ಪಕ್ಕ, ಗೊಬ್ಬರ ಸೋಕದ ಮಣ್ಣಿಗೆ ಹೋದವು. ಅತ್ತೆಯ ಬಾಟಲಿಯನ್ನು ಅತ್ತೆಗೇ ಹಿಂತಿರುಗಿಸಲಾಯಿತು. "ನನ್ನ ಮಾತು ಯಾರು ಕೇಳ್ತಾರೆ," ಎಂದು ಅವಳು ಗೊಣಗಿದಳು. ಆದರೆ ಬಳ್ಳಿ ಹೂ ಬಿಟ್ಟ ದಿನ ಮೊದಲು ಕೂಗಿ ಹೇಳಿದವಳು ಅವಳೇ.

ಲಾಯದ ಗೇಟಿಗೆ ಹಲಗೆ ಮತ್ತೆ ಬಂತು. ಈಗ ಅದರ ಕೆಳಗೆ ಯಾವಾಗಲೂ ಬೀನ್ಸ್ ಬಿತ್ತಿದ ಒಂದು ಡಬ್ಬ ಇರುತ್ತದೆ. ಎಲೆ ನೆಟ್ಟಗಿದ್ದರೆ ಮಾತ್ರ ಆ ರಾಶಿಯ ಗೊಬ್ಬರ ಹೊರಗೆ ಹೋಗುತ್ತದೆ.

ಕಾಯಿಗಳು ಬಳ್ಳಿಯಲ್ಲೇ ಒಣಗಿ ಗಲಗಲ ಎನ್ನತೊಡಗಿದ ಸಂಜೆ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೀಜ ಬಿಡಿಸಿದರು. ಪೆಪ್ಪರ್‌ಮಿಂಟ್ ಡಬ್ಬಿ ತುಂಬಿ, ಮುಚ್ಚಳ ಹಾಕಲಾಗದೆ, ಉಳಿದದ್ದನ್ನು ಲೋಟಕ್ಕೆ ಸುರಿದರು.

ಒಳಗಿಂದ ಅಪ್ಪನ ದನಿ ಬಂತು. "ಪುಟ್ಟಾ, ಆ ಲೋಟ ನನ್ನ ಕೈಗೆ ಸಿಗದ ಹಾಗೆ ಇಡಮ್ಮ. ನನ್ನ ನಂಬಬೇಡ."

ಅವಳು ನಕ್ಕಳು. ನಕ್ಕಿದ್ದು ಅವಳಿಗೇ ಕೇಳಿಸಿತು.

"ರೀ," ಎಂದು ಅವನು ಕರೆದ.

"ಸದ್ಯಕ್ಕೆ ಇದು ಸಾಕು ಅಂದಿದ್ರಲ್ಲ. ಆ ಸದ್ಯ ಇನ್ನೂ ಮುಗಿದಿಲ್ವಾ?"

"ನೀವು ಮುಗೀತು ಅಂದ್ರೆ ಮುಗೀತು. ಅವತ್ತು ಲಾಯದಲ್ಲಿ ಒಂದು ಮಾತು ಹೇಳಿದ್ದೆ. ಉತ್ತರ ಬಂದಿಲ್ಲ."

ಅವಳು ಬಲಗೈಯನ್ನು ಚಾಚಿ ಅವನ ಅಂಗೈಯೊಳಗಿಟ್ಟಳು. ಬೊಬ್ಬೆಯ ಕಲೆ ಇನ್ನೂ ಮಾಸಿರಲಿಲ್ಲ. ದಿನವಿಡೀ ಬಿಸಿಲಲ್ಲಿ ದುಡಿದ ಅವನ ಕೈ ಬೆಚ್ಚಗಿತ್ತು.

ಅವನು ಮೆಲ್ಲಗೆ ಕೇಳಿದ. "ಸುಡುತ್ತಾ?"

"ಹೂಂ... ಗೊತ್ತಾಗ್ತಿದೆ."

"ಕೈ ತೆಗೀಲಾ?"

"ಬೇಡ," ಎಂದಳು ಅವಳು. "ಇರಲಿ."